ಆಹ್ವಾನವೂ ಅಡಚಣೆಯೂ

ನ್ಯಾಯಸ್ಥಾನದಿಂದ ಆಹ್ವಾನ ಬಂದ ದಿನ ಮನೆಯಲ್ಲಿ ಎಲ್ಲವೂ ಸುಸ್ಥಿತಿಯಲ್ಲಿದ್ದು, ಹಾಜರಾಗಬೇಕಾದ ಹೊತ್ತಿಗೆ ಕಾಯಿಲೆಯೋ ಸೂತಕವೋ ಒದಗಿದರೆ ಕರೆಯಲ್ಪಟ್ಟವನ ಧರ್ಮವೇನು? ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ನಮ್ಮ ನಾಡಿನಲ್ಲಿ ದೊರೆತ ಎರಡು ಉತ್ತರಗಳನ್ನು ವಾಚಕಮಹಾಶಯರ ಮುಂದಿಡುತ್ತೇನೆ.

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (1076–1126) ಕಲ್ಯಾಣದಲ್ಲಿ ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಅದರ ವ್ಯವಹಾರಾಧ್ಯಾಯದಲ್ಲಿ, ವ್ಯಾಜ್ಯಕ್ಕಾಗಿ ಯಾರನ್ನು ಕರೆಸಬಾರದೆಂಬ ವಿಚಾರವುಂಟು: ರೋಗಿ, ಬಾಲಕ, ವೃದ್ಧ, ಸಂಕಟದಲ್ಲಿರುವವನು, ರಾಜಕಾರ್ಯದಲ್ಲಿ ತೊಡಗಿದವನು ಮುಂತಾದವರು. ಆದರೆ ಕಾಲದೇಶಗಳನ್ನೂ ಕಾರ್ಯದ ಗೌರವವನ್ನೂ ನೋಡಿ, ಅವಶ್ಯವಾದರೆ ರೋಗಿಯನ್ನೂ ವಾಹನದಲ್ಲಿ ಮೆಲ್ಲನೆ ಕರೆಸಬಹುದೆಂದೂ ಅಲ್ಲಿಯೇ ಹೇಳಿದೆ. ಇದು ಪ್ರತಿವಾದಿಯನ್ನು ಕುರಿತದ್ದೇ ಹೊರತು ತೀರ್ಪಿಗೆ ನೆರವಾಗುವ ಸಭ್ಯರನ್ನು ಕುರಿತದ್ದಲ್ಲ. ಆದರೂ ತತ್ತ್ವ ಸ್ಪಷ್ಟವಾಗಿದೆ: ಅಡಚಣೆಯನ್ನು ತೂಗುವ ಅಧಿಕಾರ ಕರೆದವರದು.

ಎರಡನೆಯ ಉತ್ತರ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನದು. ಬಳ್ಳಾರಿ, ಧಾರವಾಡ ಮೊದಲಾದ ಬ್ರಿಟಿಷ್ ಜಿಲ್ಲೆಗಳಲ್ಲಿ ಜಾರಿಯಲ್ಲಿದ್ದ ಈ ಶಾಸನ 1951ರಲ್ಲಿ ನಮ್ಮ ಮೈಸೂರು ರಾಜ್ಯಕ್ಕೂ ವಿಸ್ತರಿಸಿತು. ಸೆಷನ್ಸ್ ವಿಚಾರಣೆಗಳು, ಸರ್ಕಾರ ಆಜ್ಞಾಪಿಸಿದ ಕಡೆ ಜ್ಯೂರಿಯ ಮುಂದೆಯೂ, ಉಳಿದೆಡೆ ಅಸೆಸರುಗಳ ನೆರವಿನಿಂದಲೂ ನಡೆಯತಕ್ಕದ್ದಾಗಿತ್ತು. 21ರಿಂದ 60 ವಯಸ್ಸಿನ ಗಂಡಸರು ಈ ಸೇವೆಗೆ ಬದ್ಧರು. ಸಮನ್ಸು ಮುಟ್ಟಿದ ಮೇಲೆ ಅಡಚಣೆ ಒದಗಿದರೆ, ಯುಕ್ತ ಕಾರಣವನ್ನು ಕಂಡು ನ್ಯಾಯಾಲಯವು ವಿನಾಯಿತಿ ಕೊಡಬಹುದಾಗಿತ್ತು. ಅದೂ ಆ ಒಂದು ಅಧಿವೇಶನದ ಮಟ್ಟಿಗೆ ಮಾತ್ರ. ಸಕಾರಣವಿಲ್ಲದೆ ಬಾರದವನಿಗೂ, ಬಂದು ಅಪ್ಪಣೆಯಿಲ್ಲದೆ ಹೊರಟುಹೋದವನಿಗೂ 100 ರೂಪಾಯಿಗಳವರೆಗೆ ದಂಡ. ದಂಡ ವಿಧಿಸಿದ ಮೇಲೆಯೂ ಒಳ್ಳೆಯ ಕಾರಣ ತೋರಿಸಿದರೆ ಅದನ್ನು ತಗ್ಗಿಸಲು ಯಾ ಮಾಫಿ ಮಾಡಲು ಅವಕಾಶವಿತ್ತು.

ಇಷ್ಟು ಬಿಗಿ ಏಕೆಂದರೆ, ವಿಚಾರಣೆಯ ನಡುವೆ ಒಬ್ಬ ಜ್ಯೂರಿ ತಪ್ಪಿದರೆ ಬೇರೊಬ್ಬನನ್ನು ಸೇರಿಸಬೇಕು, ಇಲ್ಲವೇ ಎಲ್ಲರನ್ನೂ ಕಳುಹಿಸಿ ಹೊಸಬರನ್ನು ಆರಿಸಬೇಕು. ಅಸೆಸರುಗಳೆಲ್ಲರೂ ತಪ್ಪಿದರೆ ವಿಚಾರಣೆ ಮೊದಲಿನಿಂದ. ಅಷ್ಟು ದಿನವೂ ಸೆರೆಯಲ್ಲಿ ಕೊಳೆಯುವವನು ಆರೋಪಿ.

ಅಸೆಸರುಗಳ ಪದ್ಧತಿಯನ್ನು 1955ರ ತಿದ್ದುಪಡಿಯು ನಿಲ್ಲಿಸಿತು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯು ಜ್ಯೂರಿಯನ್ನೂ ಕೈಬಿಟ್ಟಿತು. ಆದರೆ ಸಾಕ್ಷಿಗೆ ಬರುವ ಸಮನ್ಸು ಇಂದಿಗೂ ಉಂಟಷ್ಟೆ.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ಒಬ್ಬ ಹುಡುಗಿಯ ವಯಸ್ಸನ್ನು ರುಜುವಾತುಪಡಿಸಲು ಶಾಲೆಯ ದಾಖಲಾತಿ ರಿಜಿಸ್ಟರಿನೊಡನೆ ಹಾಜರಾಗುವಂತೆ ಅಂಥದೊಂದು ಸಮನ್ಸು ಬಂದಿತು. ಹಿಂದಿನ ರಾತ್ರಿ ನನ್ನ ತಾಯಿಯವರಿಗೆ ಉಬ್ಬಸ ಹೆಚ್ಚಿ, ನೊಣವಿನಕೆರೆಯಿಂದ ತಿಪಟೂರಿನ ಆಸ್ಪತ್ರೆಗೆ ಕರೆದೊಯ್ದೆನು. ಕಾರಣವೇನೋ ಯುಕ್ತವಾದುದೇ. ಆದರೆ ನ್ಯಾಯಾಲಯಕ್ಕೆ ಒಂದು ಸಾಲನ್ನೂ ಬರೆದು ಕಳುಹಿಸಲಿಲ್ಲ. ಹುಡುಗಿಯ ತಂದೆ ಕಾಯಿ ಸುಲಿಯುವ ಕೂಲಿಯನ್ನು ಬಿಟ್ಟು ಬಂದು, ಸಂಜೆಯವರೆಗೆ ಕಾದು, ಮುಂದಿನ ತಾರೀಖು ಪಡೆದು ಹಿಂದಿರುಗಿದನಂತೆ. ಬಳಿಕ ಸಂತೆಯಲ್ಲಿ ಕಂಡಾಗ ಆತನು ಮೊದಲು ವಿಚಾರಿಸಿದ್ದು ನನ್ನ ತಾಯಿಯವರ ಆರೋಗ್ಯವನ್ನು. ಆಮೇಲೆ, “ಒಂದು ಮಾತು ಹೇಳಿ ಕಳಿಸಿದ್ರೆ ಆಗ್ತಿತ್ತು, ಮೇಷ್ಟ್ರೇ” ಎಂದನು. ಮಿತಾಕ್ಷರೆಯನ್ನು ಓದಿದವನಿಗೆ ಆ ಕೂಲಿಕಾರನು ಹೇಳಿದ ಪಾಠ ಅದು.

ಅಡಚಣೆ ಯಾರಿಗೂ ತಪ್ಪಿದ್ದಲ್ಲ. ಅದು ಅಪರಾಧವೂ ಅಲ್ಲ. ಅದನ್ನು ತಿಳಿಸದೆ ಸುಮ್ಮನಿರುವುದೇ ದೋಷ. ಆದುದರಿಂದ ಸ್ಥಿತಿ ಬದಲಾದ ಕೂಡಲೆ ಕಾರಣವನ್ನು ಬರೆದು, ಆಧಾರವಿದ್ದರೆ ಲಗತ್ತಿಸಿ, ವಿನಾಯಿತಿಯನ್ನು ಬೇಡತಕ್ಕದ್ದು, ತಾನಾಗಿಯೇ ತೆಗೆದುಕೊಳ್ಳತಕ್ಕದ್ದಲ್ಲ.