ಇಕ್ಕೇರಿ ವರಹ: ಮುದ್ರೆಗಳನ್ನು ಗುರುತಿಸುವ ಕ್ರಮ

ಕೆಳದಿ ನಾಯಕರ ಆಳ್ವಿಕೆಯಲ್ಲಿ ಇಂದಿನ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಿಂದ ಹೊರಟು ಕರಾವಳಿಯ ಬಂದರುಗಳವರೆಗೂ ಚಲಾವಣೆಯಲ್ಲಿದ್ದ ಚಿನ್ನದ ನಾಣ್ಯಕ್ಕೆ ಇಕ್ಕೇರಿ ವರಹವೆಂದು ಹೆಸರು. ಒಂದು ಮುಖದಲ್ಲಿ ಕುಳಿತ ಶಿವ-ಪಾರ್ವತಿಯರ ಆಕೃತಿ, ಇನ್ನೊಂದು ಮುಖದಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’ ಎಂಬ ಬರಹ ಇದರ ಮುಖ್ಯ ಲಕ್ಷಣಗಳು. ಪೂರ್ಣ ವರಹದ ತೂಕ ಸುಮಾರು 3.4 ಗ್ರಾಂ, ಅರ್ಧ ವರಹದ್ದು ಅದರ ಅರ್ಧ. ಯುರೋಪಿನ ವ್ಯಾಪಾರಿಗಳ ದಾಖಲೆಗಳಲ್ಲಿ ಇದೇ ನಾಣ್ಯ ‘ಇಕ್ಕೇರಿ ಪಗೋಡ’ ಎನಿಸಿಕೊಂಡಿದೆ. ನಾಣ್ಯದ ಮೇಲೆ ಇಸವಿಯಾಗಲಿ, ಟಂಕಸಾಲೆಯ, ಅಂದರೆ ನಾಣ್ಯ ಮುದ್ರಿಸುವ ಕಾರ್ಖಾನೆಯ, ಹೆಸರಾಗಲಿ ಇಲ್ಲದಿರುವುದರಿಂದ ಇದನ್ನು ಗುರುತಿಸುವ ಕೆಲಸ ಸಂಪೂರ್ಣವಾಗಿ ಮುದ್ರೆಯ ವಿನ್ಯಾಸವನ್ನೇ ಅವಲಂಬಿಸಿದೆ. ಇದೇ ವಿನ್ಯಾಸ ಅಲ್ಪಸ್ವಲ್ಪ ಬದಲಾವಣೆಗಳೊಂದಿಗೆ ಹೈದರ್ ಅಲಿ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯಗಳಲ್ಲಿಯೂ ಮುಂದುವರಿದಿರುವುದರಿಂದ, ಎರಡು ಮುಖಗಳನ್ನೂ ಜೊತೆಯಾಗಿ ಓದದೆ ಯಾವ ನಾಣ್ಯವನ್ನೂ ಇಂಥದೇ ಎಂದು ನಿರ್ಣಯಿಸಲು ಬರುವುದಿಲ್ಲ.

ಹಿನ್ನೆಲೆ

16ನೇ ಶತಮಾನದ ಆರಂಭದಲ್ಲಿ ಕೆಳದಿಯಲ್ಲಿ ತಲೆಯೆತ್ತಿದ ಈ ಮನೆತನ ಮೊದಲು ವಿಜಯನಗರದ ಅಧೀನದಲ್ಲಿದ್ದು, 1565ರ ಯುದ್ಧದ ನಂತರ ಕ್ರಮೇಣ ಸ್ವತಂತ್ರವಾಯಿತು. ರಾಜಧಾನಿ ಕೆಳದಿಯಿಂದ ಸಮೀಪದ ಇಕ್ಕೇರಿಗೂ, 17ನೇ ಶತಮಾನದ ಪೂರ್ವಾರ್ಧದಲ್ಲಿ ವೀರಭದ್ರ ನಾಯಕನ ಕಾಲಕ್ಕೆ ಅಲ್ಲಿಂದ ಬಿದನೂರಿಗೂ ಸ್ಥಳಾಂತರಗೊಂಡಿತು. ಬಿದನೂರೆಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರ. ಅರಮನೆಯ ಜೊತೆಗೆ ಟಂಕಸಾಲೆಯೂ ಅಲ್ಲಿಗೆ ಹೋಯಿತಾದರೂ ನಾಣ್ಯಕ್ಕೆ ಇಕ್ಕೇರಿಯ ಹೆಸರೇ ಉಳಿಯಿತು. ಆದ್ದರಿಂದ ‘ಇಕ್ಕೇರಿ ವರಹ’ ಎಂಬುದನ್ನು ಒಂದು ಊರಿನಲ್ಲಿ ಮುದ್ರಿತವಾದ ನಾಣ್ಯವೆಂಬುದಕ್ಕಿಂತ ಒಂದು ಟಂಕಸಾಲೆಯ ಪರಂಪರೆಗೆ ಸೇರಿದ ನಾಣ್ಯಜಾತಿಯೆಂದು ತಿಳಿಯುವುದು ಸರಿ.

ಈ ನಾಣ್ಯ ಅಷ್ಟು ದೂರ ಹರಿದಾಡಲು ಕಾಳುಮೆಣಸು ಮತ್ತು ಅಕ್ಕಿಯ ವ್ಯಾಪಾರವೇ ಪ್ರಮುಖ ಕಾರಣ. ಘಟ್ಟದ ಮೇಲಿನ ಮೆಣಸು ಹೊನ್ನಾವರ, ಬಸರೂರು, ಮಂಗಳೂರು ಬಂದರುಗಳ ಮೂಲಕ ಹೊರಹೋಗುತ್ತಿತ್ತು; ಪೋರ್ಚುಗೀಸರೂ ಡಚ್ಚರೂ ಅದಕ್ಕಾಗಿ ನಾಯಕರೊಡನೆ ಒಪ್ಪಂದ ಮಾಡಿಕೊಳ್ಳುತ್ತಿದ್ದರು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಬರೆದ ಪತ್ರಗಳು ಆ ಕಾಲದ ರಾಜಧಾನಿಯ ಚಿತ್ರಣಕ್ಕೆ ಇಂದಿಗೂ ಮುಖ್ಯ ಆಧಾರವಾಗಿವೆ. ನಾಡಿನೊಳಗೆ ಭೂಕಂದಾಯದ ಲೆಕ್ಕವೂ ವರಹ ಮತ್ತು ಹಣಗಳಲ್ಲಿಯೇ ನಡೆಯುತ್ತಿತ್ತು. ಹತ್ತು ಹಣಕ್ಕೆ ಒಂದು ವರಹವೆಂಬುದು ಸಾಮಾನ್ಯ ಎಣಿಕೆ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನು ಭೂಮಿಯ ಗುಣಕ್ಕೆ ತಕ್ಕಂತೆ ಕಂದಾಯ ನಿಗದಿಪಡಿಸಿದ ‘ಶಿಸ್ತು’ ಎಂಬ ವ್ಯವಸ್ಥೆ ನೆಲೆಗೊಂಡದ್ದು ಈ ನಾಣ್ಯಮಾನದ ಮೇಲೆಯೇ.

ಮುಮ್ಮುಖದ ಆಕೃತಿ

ಆಕೃತಿ ಇರುವ ಭಾಗವನ್ನು ಮುಮ್ಮುಖವೆಂದೂ ಬರಹವಿರುವ ಭಾಗವನ್ನು ಹಿಮ್ಮುಖವೆಂದೂ ಕರೆಯುವುದು ರೂಢಿ. ಇಕ್ಕೇರಿ ವರಹದ ಮುಮ್ಮುಖದಲ್ಲಿ ಶಿವನು ಕುಳಿತಿದ್ದು ಪಾರ್ವತಿ ಅವನ ಎಡತೊಡೆಯ ಮೇಲೆ ಆಸೀನಳಾಗಿದ್ದಾಳೆ. ಶಿವನ ಕೈಗಳಲ್ಲಿ ತ್ರಿಶೂಲ ಮತ್ತು ಜಿಂಕೆ ಇವೆ. ಶಿಲ್ಪಶಾಸ್ತ್ರದಲ್ಲಿ ಉಮಾಮಹೇಶ್ವರವೆಂದು ಕರೆಯುವ ಈ ಭಂಗಿಯನ್ನು ಕೆಳದಿಯವರು ಹೊಸದಾಗಿ ರೂಪಿಸಿಕೊಳ್ಳಲಿಲ್ಲ. ವಿಜಯನಗರದ ಎರಡನೆಯ ಹರಿಹರ ಮತ್ತು ಅವನ ನಂತರದ ಅರಸರ ನಾಣ್ಯಗಳಲ್ಲಿ ಅದು ಆಗಲೇ ನೆಲೆಗೊಂಡಿತ್ತು. ಶೈವಭಕ್ತರಾಗಿದ್ದ ನಾಯಕರು ವಿಜಯನಗರದ ಹಲವು ಮಾದರಿಗಳ ಪೈಕಿ ಇದೊಂದನ್ನೇ ಆಯ್ದು ಉಳಿಸಿಕೊಂಡದ್ದು ಮಹತ್ವದ ಸಂಗತಿ.

ಸವೆದ ನಾಣ್ಯದಲ್ಲಿ ಮುಖ ಮತ್ತು ಆಭರಣಗಳ ವಿವರ ಮೊದಲು ಅಳಿಸಿಹೋಗುವುದರಿಂದ ಅವುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಕಣ್ಣು ಮೊದಲು ಹೋಗಬೇಕಾದುದು ಮೇಲೆತ್ತಿದ ಕೈಗಳ ಕಡೆಗೆ. ಒಂದು ಬದಿಯಲ್ಲಿ ತುದಿ ಕವಲೊಡೆದ ನೇರ ಗೆರೆ, ಇನ್ನೊಂದು ಬದಿಯಲ್ಲಿ ಪುಟ್ಟ ಪ್ರಾಣಿಯ ಉಬ್ಬು ಕಂಡರೆ ಅದು ಶಿವನ ಜೋಡಿ. ಶಂಖ-ಚಕ್ರಗಳ ಗುಂಡನೆಯ ಉಬ್ಬುಗಳಿದ್ದರೆ ಅದು ಲಕ್ಷ್ಮೀನಾರಾಯಣ. ಈ ಎರಡು ಜೋಡಿಗಳ ಹೊರರೇಖೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಕೈಯ ಲಾಂಛನ ಕಾಣದಷ್ಟು ಸವೆದಿರುವಾಗ ಹಿಮ್ಮುಖದ ಬರಹವೊಂದೇ ಆಧಾರವಾಗುತ್ತದೆ.

ಹಿಮ್ಮುಖದ ಬರಹ ಮತ್ತು ‘ಸದಾಶಿವ’ನ ಪ್ರಶ್ನೆ

ಹಿಮ್ಮುಖದಲ್ಲಿ ‘ಶ್ರೀ ಸದಾಶಿವ’ ಎಂಬುದು ಮೂರು ಸಾಲುಗಳಲ್ಲಿ ಬಂದಿದ್ದು, ಸಾಲುಗಳ ನಡುವೆ ಅಡ್ಡಗೆರೆಗಳಿರುತ್ತವೆ. ಕನ್ನಡ ನಾಡಿನ ನಾಣ್ಯಕ್ಕೆ ನಾಗರಿ ಲಿಪಿ ಬಳಕೆಯಾದುದೂ ವಿಜಯನಗರದ ಪದ್ಧತಿಯ ಮುಂದುವರಿಕೆಯೇ.

ಇಲ್ಲಿಯ ಸದಾಶಿವ ಯಾರು ಎಂಬುದು ಈ ನಾಣ್ಯದ ಅಧ್ಯಯನದಲ್ಲಿ ಎದುರಾಗುವ ಅತ್ಯಂತ ಕಠಿಣ ಪ್ರಶ್ನೆ. ಮೂರು ಸಾಧ್ಯತೆಗಳಿವೆ: 16ನೇ ಶತಮಾನದ ಮಧ್ಯಭಾಗದಲ್ಲಿ ಕೆಳದಿಯನ್ನು ಆಳಿ ರಾಜ್ಯವನ್ನು ಬಲಪಡಿಸಿದ ಸದಾಶಿವ ನಾಯಕ, ಅದೇ ಕಾಲದಲ್ಲಿ ವಿಜಯನಗರದ ಸಿಂಹಾಸನದಲ್ಲಿದ್ದ ಸದಾಶಿವರಾಯ, ಅಥವಾ ಮುಮ್ಮುಖದಲ್ಲಿ ಕುಳಿತಿರುವ ದೇವರೇ. ಮೊದಲನೆಯದನ್ನು ಒಪ್ಪಿದರೆ ನಂತರದ ನಾಯಕರೆಲ್ಲರೂ ಪೂರ್ವಜನೊಬ್ಬನ ಹೆಸರನ್ನು ಗೌರವದಿಂದ ಮುಂದುವರಿಸಿದರೆನ್ನಬೇಕಾಗುತ್ತದೆ. ಎರಡನೆಯದನ್ನು ಒಪ್ಪಿದರೆ ಸಾಮ್ರಾಟನ ನಾಣ್ಯದ ಅನುಕರಣೆಯೇ ಕಾಲಕ್ರಮದಲ್ಲಿ ಸ್ವಂತ ನಾಣ್ಯವಾಯಿತೆನ್ನಬೇಕಾಗುತ್ತದೆ. ಮೂರನೆಯ ಅರ್ಥವು ಮೊದಲಿನ ಎರಡರಲ್ಲಿ ಯಾವುದರ ಜೊತೆಗಾದರೂ ಹೊಂದಿಕೊಳ್ಳುವಂಥದ್ದು. ಬರಹ ಆರಂಭದಲ್ಲಿ ಒಬ್ಬ ವ್ಯಕ್ತಿಯನ್ನೇ ಸೂಚಿಸಿದ್ದರೂ, ಆಳುವವರು ಬದಲಾದಾಗಲೂ ಅದು ಬದಲಾಗದೆ ನಿಂತದ್ದನ್ನು ನೋಡಿದರೆ, ಚಲಾವಣೆಯ ಕಾಲದಲ್ಲಿ ಜನ ಅದನ್ನು ದೇವರ ಹೆಸರೆಂದೇ ಗ್ರಹಿಸಿದ್ದಿರಬಹುದು.

ಹೆಸರು ಯಾರದೇ ಆಗಿರಲಿ, ಗುರುತಿಸುವವರಿಗೆ ಉಪಯುಕ್ತವಾದ ವ್ಯತ್ಯಾಸವೊಂದು ಸ್ಪಷ್ಟವಾಗಿದೆ. ವಿಜಯನಗರದ ಸದಾಶಿವರಾಯನ ವರಹಗಳಲ್ಲಿ ‘ಶ್ರೀ ಪ್ರತಾಪ ಸದಾಶಿವರಾಯ’ ಎಂದು ಬಿರುದು ಮತ್ತು ‘ರಾಯ’ ಎಂಬ ಅಂತ್ಯಪದ ಎರಡೂ ಇರುತ್ತವೆ. ಇಕ್ಕೇರಿಯದರಲ್ಲಿ ಎರಡೂ ಇರುವುದಿಲ್ಲ. ಬರಹದ ಕೊನೆಯ ಸಾಲು ಬಿಲ್ಲೆಯಿಂದ ಹೊರಗುಳಿದಿದ್ದರೂ ಅಕ್ಷರಗಳ ಗಾತ್ರವನ್ನು ನೋಡಿ ಇದನ್ನು ಊಹಿಸಲು ಸಾಧ್ಯ: ದೀರ್ಘವಾದ ಬರಹವನ್ನು ಅಷ್ಟೇ ಜಾಗದಲ್ಲಿ ಅಡಕಗೊಳಿಸಬೇಕಾದ್ದರಿಂದ ಸಾಮ್ರಾಟನ ನಾಣ್ಯದ ಅಕ್ಷರಗಳು ಚಿಕ್ಕವಾಗಿ ಒತ್ತೊತ್ತಾಗಿರುತ್ತವೆ, ಇಕ್ಕೇರಿಯ ಅಕ್ಷರಗಳು ದಪ್ಪವಾಗಿ ಬಿಡಿಬಿಡಿಯಾಗಿರುತ್ತವೆ.

ಬರಹ ಒಂದೇ ಆಗಿ ಉಳಿದುದರಿಂದ ಇಂಥ ವರಹ ಚೆನ್ನಮ್ಮಾಜಿಯದು, ಇಂಥದು ಎರಡನೆಯ ಸೋಮಶೇಖರನದು ಎಂದು ಬಿಡಿ ನಾಣ್ಯಗಳನ್ನು ಅರಸರಿಗೆ ಹಂಚುವುದು ಅಪಾಯಕರ. ಮಾರಾಟದ ಪಟ್ಟಿಗಳಲ್ಲಿ ಕಾಣುವ ಅಂಥ ನಿರ್ದೇಶನಗಳಿಗೆ ನಾಣ್ಯದೊಳಗಿನ ಪುರಾವೆ ಇರುವುದಿಲ್ಲ.

ಅಚ್ಚು, ಬಿಲ್ಲೆ ಮತ್ತು ಹೊಡೆತ

ತೂಕ ಹೊಂದಿಸಿದ ಚಿನ್ನದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದಾಗ ಎರಡು ಮುಖಗಳೂ ಒಮ್ಮೆಗೇ ಮೂಡುತ್ತವೆ. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಭದ್ರವಾಗಿ ಕುಳಿತಿರುತ್ತದೆ, ಮೇಲಿನದನ್ನು ಕೈಯಲ್ಲಿ ಹಿಡಿಯಲಾಗುತ್ತದೆ. ಇದರಿಂದ ಹುಟ್ಟುವ ಮೂರು ಲಕ್ಷಣಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಅಚ್ಚಿನ ಮುಖ ಬಿಲ್ಲೆಗಿಂತ ಅಗಲವಾಗಿರುವುದರಿಂದ ಪೂರ್ಣ ಮುದ್ರೆ ಒಂದೇ ನಾಣ್ಯದಲ್ಲಿ ಸಿಗುವುದು ಅಪರೂಪ. ಒಂದರಲ್ಲಿ ‘ಶ್ರೀ’ ಅರ್ಧ ಕತ್ತರಿಸಿಹೋಗಿದ್ದರೆ ಮತ್ತೊಂದರಲ್ಲಿ ಕೊನೆಯ ಅಕ್ಷರವೇ ಇರುವುದಿಲ್ಲ. ಹಲವು ನಾಣ್ಯಗಳ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಅಚ್ಚಿನ ಪೂರ್ಣರೂಪವನ್ನು ಮತ್ತೆ ಕಟ್ಟಬೇಕಾಗುತ್ತದೆ. ಎರಡನೆಯದಾಗಿ, ಮೇಲಿನ ಅಚ್ಚು ಕೈಯಲ್ಲಿ ಯಾವ ಕಡೆಗೂ ತಿರುಗಬಹುದಾದ್ದರಿಂದ ಎರಡು ಮುಖಗಳ ನೆತ್ತಿ ಒಂದೇ ದಿಕ್ಕಿಗೆ ಇರಬೇಕೆಂದಿಲ್ಲ. ಹಾಗಿಲ್ಲದಿರುವುದು ನಕಲಿಯ ಲಕ್ಷಣವಲ್ಲ. ಮೂರನೆಯದಾಗಿ, ಸುತ್ತಿಗೆಯ ಪೆಟ್ಟನ್ನು ನೇರವಾಗಿ ತಿನ್ನುವ ಮೇಲಿನ ಅಚ್ಚು ಬೇಗ ಸವೆದು ಬಿರುಕುಬಿಡುತ್ತದೆ, ಕೆಳಗಿನದು ಹೆಚ್ಚು ಕಾಲ ಬಾಳುತ್ತದೆ. ಹೀಗಾಗಿ ಒಂದೇ ಕೆಳ ಅಚ್ಚಿಗೆ ಹಲವು ಮೇಲಚ್ಚುಗಳು ಜೊತೆಯಾಗುತ್ತವೆ. ಅಕ್ಷರದ ಬಾಲದ ಓರೆ, ಗೆರೆಯಲ್ಲಿನ ತುಂಡು, ಬಿರುಕಿನಿಂದ ಎದ್ದ ಉಬ್ಬುಗೆರೆ ಇಂಥ ಗುರುತುಗಳಿಂದ ಒಂದೇ ಅಚ್ಚಿನ ನಾಣ್ಯಗಳನ್ನು ಹೊಂದಿಸಿ, ಬಿರುಕು ಬೆಳೆದ ಕ್ರಮದಿಂದ ಯಾವುದು ಮೊದಲು ಯಾವುದು ನಂತರ ಎಂದು ಹೇಳಬಹುದು. ಇಸವಿಯಿಲ್ಲದ ಇಕ್ಕೇರಿ ವರಹಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲು ನಂಬಬಹುದಾದ ದಾರಿ ಈ ಅಚ್ಚು ಹೋಲಿಕೆಯೇ. ಇದಕ್ಕೆ ನಾಣ್ಯಗಳ ತೂಕ ಮತ್ತು ಎರಡೂ ಮುಖಗಳ ಸ್ಪಷ್ಟ ಚಿತ್ರಗಳು ಅಗತ್ಯ.

ಹೈದರ್ ಮತ್ತು ಟಿಪ್ಪುವಿನ ಕಾಲ

1763ರಲ್ಲಿ ರಾಣಿ ವೀರಮ್ಮಾಜಿಯ ಆಳ್ವಿಕೆಯನ್ನು ಕೊನೆಗೊಳಿಸಿ ಬಿದನೂರನ್ನು ವಶಪಡಿಸಿಕೊಂಡ ಹೈದರ್ ಅಲಿ ಊರಿಗೆ ಹೈದರ್‌ನಗರವೆಂದು ಹೆಸರಿಟ್ಟನು. ನಾಣ್ಯದ ಮುಮ್ಮುಖವನ್ನು ಮಾತ್ರ ಅವನು ಮುಟ್ಟಲಿಲ್ಲ. ಶಿವ-ಪಾರ್ವತಿಯರು ಹಾಗೆಯೇ ಉಳಿದರು. ಹಿಮ್ಮುಖದಲ್ಲಿ ‘ಶ್ರೀ ಸದಾಶಿವ’ದ ಜಾಗಕ್ಕೆ ಚುಕ್ಕೆಗಳು ತುಂಬಿದ ಬಯಲಿನ ನಡುವೆ ಅವನ ಹೆಸರಿನ ಮೊದಲಕ್ಷರವಾದ ಪಾರಸಿಯ ‘ಹೇ’ ಬಂದಿತು. ಬಹಾದ್ದೂರಿ ಹೊನ್ನು ಎಂದು ಹೆಸರಾದ ಈ ನಾಣ್ಯವನ್ನು ಮುಮ್ಮುಖದಿಂದಷ್ಟೇ ನೋಡಿ ಕೆಳದಿಯದೆಂದು ಭಾವಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಜನರಿಗೆ ನಂಬಿಕೆಯಿದ್ದ ನಾಣ್ಯದ ಮುಖವನ್ನು ಬದಲಿಸಿದರೆ ಪೇಟೆಯಲ್ಲಿ ಅದು ಬಟ್ಟಕ್ಕೆ, ಅಂದರೆ ಮುಖಬೆಲೆಗಿಂತ ಕಡಿಮೆ ಬೆಲೆಗೆ, ಇಳಿಯುವ ಸಂಭವವಿತ್ತು. ಹೊಸ ಅರಸನ ಈ ನಿರ್ಧಾರದ ಹಿಂದೆ ಚಿನಿವಾರರ, ಅಂದರೆ ನಾಣ್ಯ ಪರೀಕ್ಷಿಸಿ ವಿನಿಮಯ ಮಾಡುವವರ, ಒಪ್ಪಿಗೆಯ ಲೆಕ್ಕಾಚಾರವೂ ಇದ್ದಿರಬೇಕು.

1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪು ಸುಲ್ತಾನನ ಕಾಲದಲ್ಲಿ ವಿನ್ಯಾಸ ಮೂಲತಃ ಬದಲಾಯಿತು. 1783ರ ಆರಂಭದಲ್ಲಿ ಇಂಗ್ಲಿಷರ ಕೈಸೇರಿ ಕೆಲವೇ ತಿಂಗಳಲ್ಲಿ ಮರಳಿ ಟಿಪ್ಪುವಿನ ವಶವಾದ ಬಿದನೂರು ಅವನ ನಾಣ್ಯಗಳಲ್ಲಿ ‘ನಗರ’ ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ದೇವತಾಕೃತಿ ಸಂಪೂರ್ಣವಾಗಿ ಹೋಗಿ ಎರಡೂ ಮುಖಗಳಲ್ಲಿ ಪಾರಸಿ ಲಿಪಿ, ಇಸವಿ ಮತ್ತು ಟಂಕಸಾಲೆಯ ಹೆಸರು ಬಂದವು. ತಂದೆಯ ‘ಹೇ’ ಅಕ್ಷರ ಮಾತ್ರ ಉಳಿಯಿತು. ಟಿಪ್ಪುವಿನ ವರಹಕ್ಕೆ ಫಾರೂಖಿ ಎಂದು ಹೆಸರು. 1787ರ ಸುಮಾರಿಗೆ ಜಾರಿಗೆ ಬಂದ ಹೊಸ ಶಕೆಯ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಸ್ಥಳದ ಹೆಸರೂ ಕಾಲವೂ ನಾಣ್ಯದ ಮೇಲೆಯೇ ಇರುವುದರಿಂದ ಇವುಗಳನ್ನು ಗುರುತಿಸುವುದು ಕಷ್ಟವಲ್ಲ.

ಮೈಸೂರಿನ ಮುಂದುವರಿಕೆ

1799ರಲ್ಲಿ ಟಿಪ್ಪುವಿನ ಆಳ್ವಿಕೆ ಕೊನೆಗೊಂಡ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಹೊರಟ ವರಹಗಳಲ್ಲಿ ಶಿವ-ಪಾರ್ವತಿಯರು ಮರಳಿ ಬಂದರು, ಹಿಮ್ಮುಖದಲ್ಲಿ ನಾಗರಿಯ ‘ಶ್ರೀ ಕೃಷ್ಣರಾಜ’ ಮೂರು ಸಾಲುಗಳಲ್ಲಿ ನಿಂತಿತು. ವಿಜಯನಗರದ ಕೃಷ್ಣದೇವರಾಯನ ವರಹಗಳಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’ ಎಂದಿರುವುದರಿಂದ, ಸವೆದ ನಾಣ್ಯದಲ್ಲಿ ‘ಪ್ರತಾಪ’ ಇದೆಯೇ, ಕೊನೆಯಲ್ಲಿರುವುದು ‘ಯ’ವೋ ‘ಜ’ವೋ ಎಂಬುದನ್ನು ನೋಡಿಯೇ ನಿರ್ಣಯಕ್ಕೆ ಬರಬೇಕು.

ಗೊಂದಲಕ್ಕೆ ಎಡೆಮಾಡುವ ಇತರ ನಾಣ್ಯಗಳು

ಗಂಡಭೇರುಂಡ ಕೆಳದಿಯ ರಾಮೇಶ್ವರ ದೇವಾಲಯದ ಶಿಲ್ಪದಲ್ಲಿ ಎದ್ದುಕಾಣುವ ಲಾಂಛನವಾದ್ದರಿಂದ ಗಂಡಭೇರುಂಡದ ವರಹಗಳನ್ನು ಕೆಳದಿಗೆ ಸೇರಿಸುವುದುಂಟು. ಆದರೆ ಆ ಚಿನ್ನದ ನಾಣ್ಯಗಳ ಹಿಮ್ಮುಖದಲ್ಲಿ ‘ಶ್ರೀ ಪ್ರತಾಪ ಅಚ್ಯುತರಾಯ’ ಎಂದಿದ್ದರೆ ಅವು ವಿಜಯನಗರದವೇ. ನರಸಿಂಹನ ಆಕೃತಿಯುಳ್ಳ ಪುಟ್ಟ ಕಂಠೀರವ ಹಣ ಮೈಸೂರಿನ ಕಂಠೀರವ ನರಸರಾಜ ಒಡೆಯರಿಗೆ ಸಂಬಂಧಿಸಿದ್ದು, ಇಕ್ಕೇರಿಯ ಪರಂಪರೆಯದಲ್ಲ.

ಕವಲೇದುರ್ಗ

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ, ಅಂದರೆ ಭುವನಗಿರಿ, ಕೆಳದಿ ನಾಯಕರ ಪ್ರಮುಖ ಗಿರಿದುರ್ಗ. ಅರಮನೆಯ ನೆಲೆಗಟ್ಟು, ಕೊಳ, ದೇವಾಲಯಗಳು ಇಂದಿಗೂ ಅಲ್ಲಿವೆ. ಕೋಟೆಯ ಪ್ರಾಮುಖ್ಯವನ್ನು ಕಂಡು ಕೆಲವು ವರಹಗಳನ್ನು ‘ಕವಲೇದುರ್ಗದ ನಾಣ್ಯ’ ಎಂದು ಕರೆಯುವ ಪ್ರವೃತ್ತಿ ಸಹಜ. ಆದರೆ ಕೆಳದಿಯ ವರಹಗಳಲ್ಲಿ ಯಾವ ಊರಿನ ಹೆಸರೂ ಇಲ್ಲ. ಒಂದು ನಾಣ್ಯ ಕೋಟೆಯಲ್ಲಿ ಸಿಕ್ಕಿತೆಂಬುದು ಅಲ್ಲಿ ಅದು ಬಳಕೆಯಲ್ಲಿತ್ತೆಂಬುದಕ್ಕೆ ಸಾಕ್ಷಿಯೇ ಹೊರತು ಅಲ್ಲಿ ಟಂಕಿಸಲಾಯಿತೆಂಬುದಕ್ಕಲ್ಲ. ಹಾಗಿದ್ದರೂ ದೊರೆತ ಜಾಗದ ವಿವರ ಅಮೂಲ್ಯ. ಸ್ಥಳ ತಿಳಿಯದೆ ಕೈಬದಲಾದ ನಾಣ್ಯ ಚಲಾವಣೆಯ ಇತಿಹಾಸಕ್ಕೆ ಬಹುಮಟ್ಟಿಗೆ ನಷ್ಟವೇ.

ಆಭರಣ ಮತ್ತು ನಕಲು

ಕಾಸಿನ ಸರಗಳಲ್ಲಿ ಪೋಣಿಸಿದ ವರಹಗಳ ಅಂಚಿನಲ್ಲಿ ಕೊಂಡಿ ಬೆಸೆದ ಗುರುತು ಉಳಿದಿರುತ್ತದೆ, ಮೈಗೆ ತಾಗಿದ ಮುಖ ಇನ್ನೊಂದಕ್ಕಿಂತ ಹೆಚ್ಚು ಸವೆದಿರುತ್ತದೆ. ಎರಕ ಹೊಯ್ದ ನಕಲುಗಳಲ್ಲಿ ಅಕ್ಷರದ ಅಂಚುಗಳು ಮೊಂಡಾಗಿ, ಮೇಲ್ಮೈಯಲ್ಲಿ ಗುಳ್ಳೆಗಳ ಸಣ್ಣ ಕುಳಿಗಳು, ಅಂಚಿನಲ್ಲಿ ಎರಡು ಭಾಗ ಕೂಡಿದ ಗೆರೆ ಕಾಣುತ್ತವೆ. ಒರೆಗಲ್ಲು ಚಿನ್ನದ ಗುಣವನ್ನು ಮಾತ್ರ ಹೇಳುತ್ತದೆ. ಒಳ್ಳೆಯ ಚಿನ್ನದಲ್ಲಿಯೂ ನಕಲು ಮಾಡಬಹುದಾದ್ದರಿಂದ ಅದು ನಾಣ್ಯದ ಪ್ರಾಮಾಣ್ಯಕ್ಕೆ ಸಾಲದು. ಮಲೆನಾಡಿನ ಮನೆಗಳಲ್ಲಿ ಉಳಿದಿರುವ ಇಂಥ ಸರಗಳನ್ನು ಕರಗಿಸುವ ಮುನ್ನ ಪ್ರತಿಯೊಂದು ವರಹದ ಎರಡೂ ಮುಖಗಳ ಚಿತ್ರ ತೆಗೆದು ತೂಕ ಬರೆದಿಟ್ಟರೆ, ಅಚ್ಚು ಹೋಲಿಕೆಯ ಕೆಲಸಕ್ಕೆ ಬೇಕಾದ ಸಾಮಗ್ರಿ ದೊರೆತು, ಕೆಳದಿಯ ಯಾವ ವರಹ ಯಾವುದಕ್ಕಿಂತ ಮುಂಚಿನದು ಎಂಬ ಪ್ರಶ್ನೆಗೆ ಊಹೆಯ ಬದಲು ಆಧಾರದಿಂದ ಉತ್ತರಿಸಲು ಸಾಧ್ಯವಾಗುತ್ತದೆ.