ಮೊದಲು ಸೆಳೆದವನಲ್ಲ, ಬಲೂನು ಒಡೆದವನು ಗೆದ್ದ

ಕೌಬಾಯ್ ಸಿನಿಮಾ ಪೂರ್ತಿ ನೋಡದವರಿಗೂ ಆ ದೃಶ್ಯ ಗೊತ್ತಿರುತ್ತದೆ. ಧೂಳಿನ ಬೀದಿ, ಎದುರುಬದುರು ನಿಂತ ಇಬ್ಬರು, ಸೊಂಟದ ಪಕ್ಕ ಕಾಯುತ್ತಿರುವ ಕೈ. ಯಾರು ಮೊದಲು ಪಿಸ್ತೂಲು ಸೆಳೆಯುತ್ತಾನೋ ಅವನೇ ಉಳಿಯುತ್ತಾನೆ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯ ಮೇಲೂ ಈ ಬಗೆಯ ಸಿನಿಮಾಗಳ ನೆರಳಿದೆ. ಹೀಗಾಗಿ ಬಂದೂಕಿನ ಜಗಳ ಎಂದರೆ ಕೈಯ ವೇಗ ಎಂದೇ ನಾವೆಲ್ಲ ನಂಬಿಕೊಂಡು ಬೆಳೆದಿದ್ದೇವೆ. ಇತಿಹಾಸ ಹೇಳುವುದು ಬೇರೆ.

1865ರ ಜುಲೈ 21ರಂದು ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ಚೌಕದಲ್ಲಿ ವೈಲ್ಡ್ ಬಿಲ್ ಹಿಕಾಕ್ ಮತ್ತು ಡೇವಿಸ್ ಟಟ್ ಎಂಬಿಬ್ಬರು ಎದುರಾದರು. ಜೂಜಿನ ಸಾಲ, ಒಂದು ಕೈಗಡಿಯಾರವಲ್ಲದ ಜೇಬಿನ ಗಡಿಯಾರ, ಇಷ್ಟೇ ಜಗಳದ ಮೂಲ. ಇಬ್ಬರ ನಡುವೆ ಸುಮಾರು 75 ಗಜ ಅಂತರ. ಟಟ್ ಹಾರಿಸಿದ ಗುಂಡು ಗುರಿ ತಪ್ಪಿತು, ಹಿಕಾಕ್‌ನದು ನೆಟ್ಟಿತು. ಅಷ್ಟು ದೂರದಲ್ಲಿ ಕಾಲು ಕ್ಷಣ ಮೊದಲು ಸೆಳೆದು ಆಗುವ ಲಾಭ ಅಷ್ಟಕ್ಕಷ್ಟೆ. ಗುರಿ ಹಿಡಿದ ಕೈ ಅಲುಗದಿರುವುದೇ ಅಲ್ಲಿ ಮುಖ್ಯ.

ವೇಗದ ಹುಚ್ಚು ಹಬ್ಬಿದ್ದು ಅದಾಗಿ ತೊಂಬತ್ತು ವರ್ಷಗಳ ಮೇಲೆ. 1955ರಲ್ಲಿ ‘ಗನ್‌ಸ್ಮೋಕ್’ ಟಿವಿ ಧಾರಾವಾಹಿ ಶುರುವಾಯಿತು. ಅಂಥ ಧಾರಾವಾಹಿಗಳನ್ನು ನೋಡಿದ ಅಮೆರಿಕನ್ನರು ಸೊಂಟಕ್ಕೆ ಪಟ್ಟಿ ಬಿಗಿದು ಪಿಸ್ತೂಲು ಸೆಳೆಯುವ ಅಭ್ಯಾಸಕ್ಕೆ ಇಳಿದರು. ನಿಜವಾದ ಗುಂಡು ತುಂಬಿ ಆಡಿದವರಲ್ಲಿ ಕೆಲವರು ತಮ್ಮ ಕಾಲಿಗೇ ಹೊಡೆದುಕೊಂಡರು. ಕಾರಣ ಸರಳ. ಪಿಸ್ತೂಲು ಒರೆಯಿಂದ ಪೂರ್ತಿ ಹೊರಬರುವ ಮೊದಲೇ ಅವಸರದ ಬೆರಳು ಟ್ರಿಗರ್ ಮೇಲೆ ಹೋಗಿರುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಕ್ರಮೇಣ ಈ ಆಟದ ಕ್ಲಬ್ಬುಗಳು ಮೇಣದ ಗುಂಡಿಗೆ, ಬರೀ ಸದ್ದಿನ ತೋಟಾಗಳಿಗೆ ಹೊರಳಿದವು.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಎಂಬ ಬೆಟ್ಟದೂರಿನಲ್ಲಿ ಜೆಫ್ ಕೂಪರ್ ಎಂಬ ಮಾಜಿ ಮರೀನ್ ಅಧಿಕಾರಿ ‘ಲೆದರ್‌ಸ್ಲ್ಯಾಪ್’ ಎಂಬ ಪಂದ್ಯ ನಡೆಸತೊಡಗಿದರು. ಏಳು ಗಜ ದೂರದಲ್ಲಿ 18 ಅಂಗುಲದ ಬಲೂನುಗಳು. ಒರೆಯಿಂದ ಪಿಸ್ತೂಲು ಸೆಳೆದು ಯಾರು ಮೊದಲು ಒಡೆಯುತ್ತಾರೋ ಅವರು ಗೆದ್ದಂತೆ. ಹೆಚ್ಚಿನವರು ಸಿನಿಮಾದವರ ಹಾಗೆ ಸೊಂಟದ ಮಟ್ಟದಿಂದಲೇ ಒಂದೇ ಕೈಯಲ್ಲಿ ಹಾರಿಸುತ್ತಿದ್ದರು. ಸದ್ದು ಬೇಗ ಬರುತ್ತಿತ್ತು, ಬಲೂನು ಹಾಗೇ ಇರುತ್ತಿತ್ತು. ಎರಡನೆಯ, ಮೂರನೆಯ ಗುಂಡು ಹಾರಿಸುವಷ್ಟರಲ್ಲಿ ಉಳಿಸಿದ ಸಮಯವೆಲ್ಲ ಖರ್ಚು.

ಲಾಸ್ ಏಂಜಲೀಸ್ ಕೌಂಟಿಯ ಡೆಪ್ಯುಟಿ ಶೆರಿಫ್ ಜ್ಯಾಕ್ ವೀವರ್ ಇದನ್ನು ಗಮನಿಸಿದರು. ಅವರು ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಗುರಿ ನೋಡಿ ಹಾರಿಸಿದರು. 1959ರಲ್ಲಿ ಪಂದ್ಯ ಅವರದ್ದಾಯಿತು. ಆ ನಿಲುವಿಗೆ ಅವರದೇ ಹೆಸರು ನಿಂತಿತು.

ಇದು ಬರೀ ಆಟದ ಮಾತಾಗಿ ಉಳಿಯಲಿಲ್ಲ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಬಳಿ ಹೆದ್ದಾರಿ ಗಸ್ತಿನ ನಾಲ್ವರು ಪೊಲೀಸರು ಕೆಲವೇ ನಿಮಿಷಗಳಲ್ಲಿ ಇಬ್ಬರು ಪಾತಕಿಗಳ ಗುಂಡಿಗೆ ಸತ್ತರು. ನಾಲ್ವರಲ್ಲಿ ಯಾರಿಗೂ ಎರಡು ವರ್ಷದ ಸೇವೆಯೂ ತುಂಬಿರಲಿಲ್ಲ. ನಿಂತಲ್ಲೇ ನಿಂತು ಕಾಗದದ ವೃತ್ತಕ್ಕೆ ಹೊಡೆಯುವ ತರಬೇತಿ ಸಾಲದು ಎಂಬ ಮಾತು ಆಮೇಲೆ ಗಟ್ಟಿಯಾಯಿತು, ಅಲ್ಲಿನ ಪೊಲೀಸ್ ತರಬೇತಿ ಬದಲಾಯಿತು.

1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ ಹುಟ್ಟಿತು. ಕೂಪರ್ ಮೊದಲ ಅಧ್ಯಕ್ಷರು. ಅದರ ಧ್ಯೇಯವಾಕ್ಯದಲ್ಲಿ ಮೂರು ಲ್ಯಾಟಿನ್ ಪದಗಳಿವೆ: ನಿಖರತೆ, ಬಲ, ವೇಗ. ನಿಖರತೆಯೇ ಮೊದಲು. ಅಂಕದ ಲೆಕ್ಕವೂ ಹಾಗೇ ಇದೆ, ಪಡೆದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ನಡುಭಾಗಕ್ಕೆ ಬಿದ್ದ ಗುಂಡಿಗೆ 5 ಅಂಕ, ತಪ್ಪಿದರೆ 10 ಕಳೆಯುತ್ತಾರೆ. ಹತ್ತು ಗುಂಡುಗಳನ್ನೂ ನಡುವಿಗೇ ಹೊಡೆದು 5 ಸೆಕೆಂಡು ತೆಗೆದುಕೊಂಡವರಿಗೆ 50 ಭಾಗಿಸು 5, ಅಂದರೆ 10. ಅರ್ಧ ಸೆಕೆಂಡು ಉಳಿಸಿ ಒಂದೇ ಒಂದು ತಪ್ಪಿಸಿದವರಿಗೆ 35 ಭಾಗಿಸು 4.5, ಅಂದರೆ 7.8ರ ಹತ್ತಿರ. ಅರ್ಧ ಸೆಕೆಂಡಿನ ದುರಾಸೆಗೆ ತೆತ್ತ ಬೆಲೆ ಇದು.

ಹಾಗಾಗಿ ಇಂದು ಶೂಟಿಂಗ್ ರೇಂಜ್‌ಗಳಲ್ಲಿ ಸೆಳೆತವನ್ನು ಕಲಿಸುವುದು ಬಿಡಿಸಿ ಬಿಡಿಸಿ. ಒರೆಯಲ್ಲಿರುವಾಗಲೇ ಹಿಡಿ ಸರಿಯಾಗಬೇಕು. ನೇರ ಮೇಲೆತ್ತಬೇಕು. ನಳಿಗೆ ಗುರಿಯತ್ತ ತಿರುಗಬೇಕು. ಎದೆಯ ಮುಂದೆ ಇನ್ನೊಂದು ಕೈ ಕೂಡಬೇಕು. ಆಮೇಲೆ ಕಣ್ಣಿನ ಮಟ್ಟಕ್ಕೆ ಚಾಚಬೇಕು. ಗುರಿ ಕಾಣುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗೇ. ಇದನ್ನು ಖಾಲಿ ಪಿಸ್ತೂಲಿನಲ್ಲಿ ನಿಧಾನವಾಗಿ ನೂರಾರು ಸಲ ಮಾಡಿಸುತ್ತಾರೆ. ಬೇಡದ ಚಲನೆ ಕಳಚಿದಷ್ಟೂ ವೇಗ ತಾನಾಗಿ ಬರುತ್ತದೆ.

ವರದಿ ಬರೆಯುವ ನಮಗೆ ಈ ಇತಿಹಾಸ ಕೆಲಸಕ್ಕೆ ಬರುತ್ತದೆ. ‘ಕಣ್ಣು ಮಿಟುಕಿಸುವಷ್ಟರಲ್ಲಿ ಗುಂಡು ಹಾರಿತು’ ಎಂದು ಬರೆಯುವುದು ಸುಲಭ. ಎಷ್ಟು ದೂರದಿಂದ, ಎಷ್ಟು ಗುಂಡು, ತಪ್ಪಿದವು ಎಲ್ಲಿ ಹೋಗಿ ಬಿದ್ದವು ಎಂದು ಕೇಳುವುದು ಕಷ್ಟ. ತಪ್ಪಿದ ಗುಂಡಿನ ದಾರಿಯಲ್ಲಿ ಯಾರದೋ ಮನೆಯ ಗೋಡೆ, ಯಾರದೋ ಮಗು ಇರಬಹುದು. ಆ ಪ್ರಶ್ನೆಗಳನ್ನು ನಾವು ಕೇಳಲೇಬೇಕು.