ಹೈದರಾಬಾದಿನ ಸಾರ್ವಜನಿಕ ಅರಣ್ಯಗಳು ಮತ್ತು ಇಂಗಾಲ ಸಂಗ್ರಹ

ತೆಲಂಗಾಣದ ರಾಜಧಾನಿ ಹೈದರಾಬಾದಿನ ಒಳಗೂ ಹೊರವಲಯದಲ್ಲೂ ಉಳಿದಿರುವ ಸರ್ಕಾರಿ ಕಾಡುಗಳು ವಾತಾವರಣದ ಇಂಗಾಲದ ಡೈಆಕ್ಸೈಡನ್ನು ಹೀರಿ ಮರ, ಬೇರು, ಮಣ್ಣುಗಳಲ್ಲಿ ಹಿಡಿದಿಡುತ್ತವೆ. ಇವುಗಳಲ್ಲಿ ಹಲವು ಹಿಂದೆ ನಿಜಾಮರಿಗೆ ಸೇರಿದ್ದವು. ವನಸ್ಥಲಿಪುರದ ಮಹಾವೀರ ಹರಿಣ ವನಸ್ಥಲಿ (1,459 ಹೆಕ್ಟೇರ್) ಅವರ ಬೇಟೆಯ ಕಾಡಾಗಿತ್ತು. ಜೂಬಿಲಿ ಹಿಲ್ಸ್ ಬಳಿಯ ಕಾಸು ಬ್ರಹ್ಮಾನಂದ ರೆಡ್ಡಿ ಉದ್ಯಾನದೊಳಗೆ ಅವರ ಮನೆತನದ ಚಿರಾನ್ ಅರಮನೆ ಇದೆ. ಈ ಉದ್ಯಾನವನ್ನು 1998ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಚಿಲ್ಕೂರಿನ ಮೃಗವನಿ ಇನ್ನೊಂದು ರಾಷ್ಟ್ರೀಯ ಉದ್ಯಾನ. ನಗರದ ಸುತ್ತ ಮೀಸಲು ಅರಣ್ಯದ ತುಂಡುಗಳು ಹರಡಿಕೊಂಡಿವೆ.

ಗ್ರಾನೈಟ್ ಬಂಡೆಗಳ ನಡುವಿನ ಈ ಕಾಡು ಬೇವು, ಮುತ್ತುಗ, ಸೀತಾಫಲಗಳಿರುವ ಕುರುಚಲು ಹಾಗೂ ಎಲೆ ಉದುರುವ ಬಗೆಯದು. ಕಲಬುರಗಿ ಜಿಲ್ಲೆಯ ಚಿಂಚೋಳಿಯ ಕಾಡನ್ನು ನೋಡಿದವರಿಗೆ ಇದರ ಸ್ವಭಾವ ಅಪರಿಚಿತವಲ್ಲ. ಮಣ್ಣಿನ ಪದರ ತೆಳು, ಬೇಸಿಗೆ ದೀರ್ಘ. ಆದ್ದರಿಂದ ಮರ ನಿಧಾನವಾಗಿ ಬೆಳೆಯುತ್ತದೆ, ಇಂಗಾಲವೂ ನಿಧಾನವಾಗಿಯೇ ಕೂಡುತ್ತದೆ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವಿರುತ್ತದೆ. ಒಂದು ಟನ್ ಇಂಗಾಲವೆಂದರೆ ಸುಮಾರು 3.67 ಟನ್ ಇಂಗಾಲದ ಡೈಆಕ್ಸೈಡ್. ಲೆಕ್ಕ ಹಾಕುವಾಗ ಕಾಂಡ ಕೊಂಬೆಗಳ ಜೊತೆಗೆ ಬೇರು, ಸತ್ತ ಮರ, ತರಗೆಲೆ, ಮಣ್ಣು ಎಲ್ಲವೂ ಸೇರುತ್ತವೆ. ಭಾರತದ ಕಾಡುಗಳ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮಣ್ಣಿನಲ್ಲಿ. ನೆಲ ಅಗೆದು ಸಮತಟ್ಟು ಮಾಡಿದರೆ ಎಷ್ಟು ನಷ್ಟವೆಂಬುದು ಕಡಿದ ಮರಗಳ ಎಣಿಕೆಯಿಂದ ತಿಳಿಯದಿರಲು ಇದೇ ಕಾರಣ.

ಇಂಗಾಲದ ಅಳತೆಯಲ್ಲೂ ಈ ನಗರಕ್ಕೆ ಪಾತ್ರವಿದೆ. ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇರುವುದು ಇಲ್ಲಿನ ಬಾಲಾನಗರದಲ್ಲಿ. ಅರಣ್ಯದಲ್ಲಿ ಗುರುತಿಸಿದ ತಾಕುಗಳಲ್ಲಿ ಮರಗಳ ಸುತ್ತಳತೆ ತೆಗೆದು, ಅದನ್ನು ಉಪಗ್ರಹ ಚಿತ್ರಗಳೊಂದಿಗೆ ಹೊಂದಿಸಿ ಇಡೀ ಪ್ರದೇಶದ ಜೀವರಾಶಿಯನ್ನು ಅಂದಾಜಿಸುವ ವಿಧಾನವನ್ನು ಅದು ಬಳಸುತ್ತ ಬಂದಿದೆ.

2015ರ ಜುಲೈನಲ್ಲಿ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಚಿಲ್ಕೂರಿನಲ್ಲಿ ‘ತೆಲಂಗಾಣಕು ಹರಿತ ಹಾರಂ’ ಯೋಜನೆಗೆ ಚಾಲನೆ ನೀಡಿದರು. ರಾಜ್ಯದ ಹಸಿರು ಹೊದಿಕೆಯನ್ನು ಶೇಕಡಾ 24ರಿಂದ 33ಕ್ಕೆ ಏರಿಸಲು 230 ಕೋಟಿ ಗಿಡಗಳ ಗುರಿ ಇಟ್ಟುಕೊಳ್ಳಲಾಯಿತು. ಅದರಲ್ಲಿ 100 ಕೋಟಿ ಅರಣ್ಯದೊಳಗೆ, ಅವುಗಳಲ್ಲೂ ಬಹುಪಾಲು ಹೊಸದಾಗಿ ನೆಡದೆ, ಇರುವ ಬೇರುಬುಡಗಳಿಂದಲೇ ಚಿಗುರಿಸಬೇಕಾದವು. ಜನರ ಕಣ್ಣಿಗೆ ಬಿದ್ದದ್ದು ಸಸಿ ನೆಡುವ ಸಮಾರಂಭಗಳು. ಆದರೆ ಯೋಜನೆಯ ಅತ್ಯಂತ ವಿವೇಕದ ಭಾಗ ಈ ಪುನಶ್ಚೇತನವೇ. ಕಡಿದ ಬುಡದ ಬೇರು ಆಗಲೇ ಆಳಕ್ಕಿಳಿದಿರುವುದರಿಂದ ಚಿಗುರು ಬೇಸಿಗೆಯನ್ನು ತಾಳಿಕೊಳ್ಳುತ್ತದೆ, ಟ್ಯಾಂಕರ್ ನೀರನ್ನು ಕಾಯುವುದಿಲ್ಲ. ಅದಕ್ಕೆ ಬೇಕಾದುದು ದನ, ಕೊಡಲಿ, ಒತ್ತುವರಿಗಳಿಂದ ರಕ್ಷಣೆ. ಅದಕ್ಕಾಗಿ ಬೇಲಿ, ಗಡಿಕಂದಕಗಳು ಬೇಕಾಗುತ್ತವೆ. ಬೇಸಿಗೆಗೆ ಮುನ್ನ ಬೆಂಕಿರೇಖೆ ಕಡಿಯುವುದು ಅಷ್ಟೇ ಮುಖ್ಯ, ಏಕೆಂದರೆ ತರಗೆಲೆಗೆ ಹತ್ತಿದ ಬೆಂಕಿ ಎಳೆಯ ಚಿಗುರನ್ನು ಸುಟ್ಟು, ಕೂಡಿದ ಇಂಗಾಲವನ್ನು ಗಾಳಿಗೆ ಮರಳಿಸುತ್ತದೆ.

ಭಾರತೀಯ ಅರಣ್ಯ ಸರ್ವೇಕ್ಷಣೆಯ 2021ರ ವರದಿಯಂತೆ ಮಹಾನಗರದ ಅರಣ್ಯ ಹೊದಿಕೆ 2011ರಲ್ಲಿ 33.15 ಚದರ ಕಿಲೋಮೀಟರ್ ಇದ್ದುದು 81.81ಕ್ಕೆ ಏರಿತು. ದೇಶದ ಮಹಾನಗರಗಳಲ್ಲೇ ಇದು ಅತಿ ಹೆಚ್ಚಿನ ಏರಿಕೆ. ಅಂಕಿ ಸಂತಸದ್ದೇ ಆದರೂ ಅದನ್ನು ಎಚ್ಚರದಿಂದ ಓದಬೇಕು. ಒಂದು ಹೆಕ್ಟೇರ್‌ಗಿಂತ ದೊಡ್ಡದಾಗಿ, ಮರದ ನೆರಳು ಶೇಕಡಾ 10 ಮೀರಿದ ಯಾವ ಜಾಗವೂ, ಒಡೆತನ ಯಾರದೇ ಇರಲಿ, ತೋಪೇ ಆಗಿರಲಿ, ಈ ಲೆಕ್ಕದಲ್ಲಿ ‘ಅರಣ್ಯ’. ಹೊಸ ನೆಡುತೋಪು ಹಳೆಯ ಕಾಡಿನಷ್ಟು ಇಂಗಾಲ ಹಿಡಿಯಲು ದಶಕಗಳೇ ಬೇಕು. ಎಷ್ಟೇ ಚೆನ್ನಾಗಿ ನಿರ್ವಹಿಸಿದರೂ ಮಹಾನಗರವೊಂದರ ವಾಹನ ಮತ್ತು ವಿದ್ಯುತ್ತಿನ ಹೊಗೆಯನ್ನು ಈ ಕಾಡುಗಳು ಸರಿದೂಗಿಸಲಾರವು.

ದಾಖಲೆಯಲ್ಲಿ ಅರಣ್ಯವೆಂದು ಬರೆಯದ ಸರ್ಕಾರಿ ಜಮೀನಿನ ಕಾಡಿಗೆ ರಕ್ಷಣೆ ಎಷ್ಟು ದುರ್ಬಲವೆಂಬುದು 2025ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯಲ್ಲಿ ಬಯಲಾಯಿತು. ಐಟಿ ಉದ್ಯಮಗಳಿಗೆಂದು ಸುಮಾರು 400 ಎಕರೆಯನ್ನು ತೆರವು ಮಾಡಲು ಮಾರ್ಚ್ ಕೊನೆಯಲ್ಲಿ ಬುಲ್ಡೋಜರ್‌ಗಳು ಇಳಿದವು; ವಿದ್ಯಾರ್ಥಿಗಳು ಪ್ರತಿಭಟಿಸಿದರು. ಇದು ಅರಣ್ಯವಲ್ಲ, ಕಂದಾಯ ಭೂಮಿ ಎಂಬುದು ರಾಜ್ಯದ ವಾದ. ಆದರೆ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದೇ, ಒಡೆತನ ಯಾರದ್ದೇ ಆಗಿದ್ದರೂ ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅರಣ್ಯವೇ ಎಂದು ಹೇಳಿತ್ತು. 2025ರ ಏಪ್ರಿಲ್ 3ರಂದು ಅದೇ ನ್ಯಾಯಾಲಯ ಕೆಲಸವನ್ನು ನಿಲ್ಲಿಸಿತು. 16ರ ವಿಚಾರಣೆಯಲ್ಲಿ, ಮರಗಳನ್ನು ಕಳೆದುಕೊಂಡ ಸುಮಾರು 100 ಎಕರೆಯನ್ನು ಮತ್ತೆ ಕಾಡಾಗಿಸುವ ಯೋಜನೆ ತರುವಂತೆ ರಾಜ್ಯ ಸರ್ಕಾರಕ್ಕೆ ಸೂಚಿಸಿತು.